ಸಿರುಗುಪ್ಪ ರಸ್ತೆಯ ಬಿಯರೂ ನನ್ನ ನಾಲಿಗೆಯೂ

ಪ್ರತಿಯೊಬ್ಬ ಮನುಷ್ಯನಿಗೂ ತನ್ನ ದೇಹದ ಯಾವುದಾದರೊಂದು ಭಾಗದ ಮೇಲೆ ಒಳಗೊಳಗೇ ಜಂಬ ಇರುತ್ತದೆ ಎಂಬುದು ಐವತ್ತಾರು ವರ್ಷ ಬದುಕಿ ನಾನು ಕಂಡುಕೊಂಡ ಸತ್ಯ. ನಮ್ಮ ಸತ್ಯನಾರಾಯಣಪೇಟೆಯ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಮೀಸೆಯ ಮೇಲೆ. ದಿನಕ್ಕೆ ಎರಡು ಸಲ ಅವರು ಅದಕ್ಕೆ ಎಣ್ಣೆ ಹಚ್ಚುವುದು ನಮ್ಮ ಕಿಟಕಿಯಿಂದ ಕಾಣುತ್ತದೆ. ನನ್ನ ತಮ್ಮನಿಗೆ ತಲೆಗೂದಲ ಮೇಲೆ ಇತ್ತು. ಕೂದಲು ಹೋದವು, ಜಂಬ ಮಾತ್ರ ಹಾಗೇ ಉಳಿದು ಈಗ ನುಣ್ಣನೆಯ ತಲೆಯ ಮೇಲೆ ಕೂತಿದೆ. ನನಗೆ ನೋಡುವವರ ಕಣ್ಣಿಗೆ ಬೀಳುವಂಥದ್ದೇನನ್ನೂ ದೇವರು ಕೊಡಲಿಲ್ಲ. ಎತ್ತರ ಸಾಧಾರಣ, ಬಣ್ಣ ಬಳ್ಳಾರಿಯ ಬಿಸಿಲು ಕೊಟ್ಟಿದ್ದು, ಹೊಟ್ಟೆ ನಾನೇ ಸಂಪಾದಿಸಿದ್ದು. ಹಾಗಾಗಿ ನನ್ನ ಜಂಬ ಬಾಯಿಯೊಳಗೆ ಅಡಗಿ ಕೂತಿತ್ತು. ನನಗೆ ನನ್ನ ನಾಲಿಗೆಯ ಮೇಲೆ ಜಂಬ. ಮಾತಾಡುವ ನಾಲಿಗೆಯ ವಿಷಯ ಹೇಳುತ್ತಿಲ್ಲ, ರುಚಿ ನೋಡುವ ನಾಲಿಗೆಯ ವಿಷಯ.

ಇದು ಸುಮ್ಮನೆ ಬಂದ ಜಂಬವಲ್ಲ. ನಾನು ಸಿರುಗುಪ್ಪದಲ್ಲಿ ಭತ್ತದ ದಲಾಲಿ. ಮೂವತ್ತು ವರ್ಷದಿಂದ ಬೆಳಿಗ್ಗೆ ಬಳ್ಳಾರಿಯಿಂದ ಹೋಗಿ ಸಂಜೆ ವಾಪಸು ಬರುತ್ತೇನೆ. ರೈತ ಚೀಲ ಇಳಿಸಿದ ಕೂಡಲೇ ಅದಕ್ಕೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ಉದುರಿಸಿಕೊಂಡು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿ ಮುಂದಿನ ಹಲ್ಲಿನಿಂದ ಕಟಕ್ಕನೆ ಕಡಿಯಬೇಕು. ಎಷ್ಟು ಒಣಗಿದೆ ಎಂಬುದನ್ನು ಆ ಸದ್ದು ಹೇಳುತ್ತದೆ, ಮಿಕ್ಕಿದ್ದನ್ನು ನಾಲಿಗೆಯ ತುದಿ ಹೇಳುತ್ತದೆ. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿ ದರ ಹೇಳಬೇಕು. ನುಂಗುವಂತಿಲ್ಲ. ದಿನಕ್ಕೆ ಇನ್ನೂರು ಚೀಲದ ಕಾಳು ನುಂಗುತ್ತಾ ಹೋದರೆ ಮಧ್ಯಾಹ್ನದೊಳಗೆ ದಲಾಲಿಯೇ ಒಂದು ಚೀಲವಾಗುತ್ತಾನೆ. ನಮ್ಮ ಕಸುಬಿನಲ್ಲಿ ಉಗುಳುವುದು ಅಸಹ್ಯವಲ್ಲ, ಅದು ತೀರ್ಪು. "ಎರ್ರಿಸ್ವಾಮಿ ಉಗುಳಿದಾ ಅಂದ್ರ ಮುಗೀತು, ಇನ್ನ ಮಾತಾಡಂಗಿಲ್ಲ" ಎಂದು ತೆಕ್ಕಲಕೋಟೆ ಕಡೆಯ ರೈತರು ಹೇಳುವುದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಭತ್ತ ಕಾಲುವೆಯ ಮೇಲ್ಭಾಗದ್ದೋ, ನೀರಿಗೆ ಬಾಯಿ ಬಿಡುವ ಕೊನೆಭಾಗದ್ದೋ ಎಂಬುದನ್ನು ನಾನು ಕಾಳು ಕಡಿದು ಹೇಳಬಲ್ಲೆ. ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ಒಮ್ಮೆ ಹಾಗೆ ಮಾಡಿ ತೋರಿಸಲು ಹೋಗಿ ಕಾಳಿನ ಜೊತೆ ಒಂದು ನುಸಿಯನ್ನೂ ಕಡಿದಿದ್ದೆ, ಅದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಇನ್ನು ಗಂಟಲಿನ ವಿಷಯ. ನಾಲಿಗೆಯ ಹಿಂದೆ ಗಂಟಲು ಇರುತ್ತದೆ ಎಂಬುದನ್ನು ನಾನು ಬಹುಕಾಲ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ನನ್ನ ಮದುವೆ ನಿಶ್ಚಯವಾದದ್ದು ಗಂಟಲಿನಿಂದಲೇ. ಇಪ್ಪತ್ತೆಂಟು ವರ್ಷದ ಹಿಂದೆ ಕುರುಗೋಡಿಗೆ ಹೆಣ್ಣು ನೋಡಲು ಹೋದಾಗ, ನನ್ನ ಈಗಿನ ಮಾವ ಪಂಪನಗೌಡರು, ಹಣೆಯ ತುಂಬ ವಿಭೂತಿ ಧರಿಸಿ, ಕಂಬಳಿಯ ಮೇಲೆ ಕೂತು, ಒಂದೇ ಒಂದು ಪ್ರಶ್ನೆ ಕೇಳಿದರು. "ಕುಡಿಯೂ ಚಟ ಏನಾರ ಐತೇನ್ರಿ?" ಹೊಲ ಎಷ್ಟು, ಮನೆ ಯಾವುದು ಎಂದು ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಈ ಪ್ರಶ್ನೆಗೆ ಎದೆ ಉಬ್ಬಿಸಿ ಹೇಳಿದೆ: "ಒಂದು ಹನಿ ಈ ಗಂಟಲಾಗ ಇಳದಿಲ್ರಿ. ಇಳಿಯೂದೂ ಇಲ್ಲ." ಬಾಗಿಲ ಹಿಂದೆ ನಾಗರತ್ನ ನಿಂತಿದ್ದಳು. ಆಕೆ ನನ್ನನ್ನು ಒಪ್ಪಿಕೊಂಡದ್ದು ಆ ಮಾತಿಗೇ ಹೊರತು ಮುಖಕ್ಕಲ್ಲ ಎಂದು ಈಗಲೂ ಹೇಳುತ್ತಾಳೆ. ಅಂದಿನಿಂದ ಮಾವನ ಕಣ್ಣಲ್ಲಿ ನಾನು ನುಡಿದಂತೆ ನಡೆಯುವ ಅಳಿಯ. ಆ ಹೆಸರನ್ನು ನಾನು ಭತ್ತದ ಹೆಸರಿಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ಹೀಗಿರುವಾಗ, ಹೋದ ಸಂಕ್ರಾಂತಿ ಕಳೆದ ಮೇಲೆ ಸೀನಪ್ಪ ನನ್ನ ಅಂಗಡಿಗೆ ಬಂದ. ಸೀನಪ್ಪ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ ಇಟ್ಟವನು, ನನ್ನ ಜೊತೆ ಶಾಲೆ ಕಲಿತವನು, ಬಾಯಿ ತೆರೆದರೆ ಅರ್ಧ ಕನ್ನಡ ಅರ್ಧ ತೆಲುಗು. "ಏಮಿರಾ ಎರ್ರಿಸ್ವಾಮಿ, ಬಳ್ಳಾರಿ ಹೊರಗ ನಮ್ಮ ರೋಡಿಗೇ ಒಂದು ಹೊಸಾ ಬ್ರೂಪಬ್ ಆಗೈತಿ. ಅಲ್ಲೇ ಬಿಯರ್ ಮಾಡ್ತಾರ, ಅಲ್ಲೇ ಕೊಡ್ತಾರ. ಅವ್ರಿಗೆ ನುಚ್ಚಕ್ಕಿ ಬೇಕಂತ. ನೀ ಬಂದು ಅಕ್ಕಿ ಬಗ್ಗೆ ನಾಕು ಮಾತಾಡು" ಎಂದ. ಬಿಯರಿಗೂ ನುಚ್ಚಿಗೂ ಏನು ಸಂಬಂಧ ಎಂದು ಕೇಳಿದೆ. ಬಾರ್ಲಿಯ ಜೊತೆ ಅಕ್ಕಿ ಹಾಕಿದರೆ ಬಿಯರು ಹಗುರಾಗುತ್ತದಂತೆ, ಬೇಸಿಗೆಗೆ ಒಳ್ಳೆಯದಂತೆ. ನಾನು ಕುಡಿಯುವವನಲ್ಲ ಎಂದೆ. "ಅದಕ್ಕಾ ನಿನ್ನ ಕರಿಯಾಕ ಬಂದೀನಿ. ನಾ ಕುಡದ ಮ್ಯಾಲೆ ಕಾರು ಹೊಡಿಯೋರು ಯಾರು?" ಎಂದ. ಗೆಳೆತನದಲ್ಲಿ ಇಷ್ಟು ಪ್ರಾಮಾಣಿಕತೆ ಕಂಡಾಗ ನನ್ನ ಮನಸ್ಸು ಕರಗುತ್ತದೆ.

ಆ ಜಾಗ ಮೊದಲು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಾಗಿತ್ತು. ಈಗ ಗೋಡೆಗೆ ಬಣ್ಣ ಬಳಿದು, ಸೂರಿನಿಂದ ಬುಟ್ಟಿಗಳನ್ನು ತಲೆಕೆಳಗಾಗಿ ನೇತುಹಾಕಿ ಅವುಗಳೊಳಗೆ ಬಲ್ಬು ಇಟ್ಟಿದ್ದರು. ನಮ್ಮ ಅಜ್ಜಿ ಇದ್ದಿದ್ದರೆ ಅಷ್ಟೂ ಬುಟ್ಟಿ ಇಳಿಸಿ ಒಳಗೆ ಕೋಳಿ ಮುಚ್ಚುತ್ತಿದ್ದಳು. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು, ಈಚೆ ಸಾಲಾಗಿ ಟ್ಯಾಪುಗಳು. ನಾವು ರಸ್ತೆ ಬದಿಯಲ್ಲಿ ಕಾಗದದಲ್ಲಿ ಸುತ್ತಿಸಿಕೊಂಡು ತಿನ್ನುವ ಮಿರ್ಚಿ, ಮಂಡಕ್ಕಿ ಒಗ್ಗರಣೆಯನ್ನು ಇಲ್ಲಿ ಮರದ ಹಲಗೆಯ ಮೇಲೆ ಇಟ್ಟು, ಮೇಲೆ ಒಂದು ಎಲೆ ಚುಚ್ಚಿ ತಂದರು. ಆ ಎಲೆ ಯಾತಕ್ಕೆ ಎಂದು ಸೀನಪ್ಪ ಕೇಳಿದ. ಅಲಂಕಾರಕ್ಕೆ ಎಂದರು. ಅವನು ಅದನ್ನೂ ತಿಂದ.

ಇದೆಲ್ಲದರ ಒಡೆಯ ತೆಕ್ಕಲಕೋಟೆಯ ದೊಡ್ಡಬಸವ. ಮೂವತ್ತೆರಡರ ವಯಸ್ಸು, ಪುಣೆಯಲ್ಲಿ ಬಿಯರ್ ಮಾಡುವುದನ್ನು ಕಲಿತು ಬಂದವನು, ಹಿರಿಯರನ್ನು ಕಂಡರೆ ಎದ್ದು ನಿಲ್ಲುವ ಸಂಭಾವಿತ. ತನ್ನ ಟ್ಯಾಂಕುಗಳನ್ನು ಎಮ್ಮೆಯ ಮೈ ತಟ್ಟಿದ ಹಾಗೆ ತಟ್ಟುತ್ತಾ ವಿವರಿಸಿದ. ನಾನು ಅಕ್ಕಿಯ ವಿಷಯ ಹೇಳಿದೆ, ಅವನು ಪುಸ್ತಕದಲ್ಲಿ ಬರೆದುಕೊಂಡ. ನಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಕೊನೆಗೆ, ಪ್ರಯೋಗಕ್ಕೆಂದು ಒಂದಿಷ್ಟು ನುಚ್ಚು ಹಾಕಿ ಮಾಡಿದ ಮೊದಲ ಬಿಯರನ್ನು ಪುಟ್ಟ ಗಾಜಿನ ಲೋಟದಲ್ಲಿ ಹಿಡಿದು ತಂದು, "ಸ್ಯಾಂಪಲ್ ನೋಡ್ರಿ ಸರ್" ಎಂದ.

ಅವನು ಬೇರೆ ಯಾವ ಪದ ಬಳಸಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಸ್ಯಾಂಪಲ್ ಎಂದ ಕೂಡಲೇ ಮೂವತ್ತು ವರ್ಷದ ಅಭ್ಯಾಸ ಕೈಯನ್ನು ಎಳೆದೊಯ್ದಿತು. ಲೋಟ ಎತ್ತಿದೆ, ಬಾಯಿಗೆ ಹಾಕಿಕೊಂಡೆ, ಮುಂದಿನ ಹಲ್ಲಿನ ಸುತ್ತ ಒಂದು ಸುತ್ತು ಆಡಿಸಿದೆ, ನಾಲಿಗೆಯ ತುದಿಗೆ ತಂದೆ, ಪಕ್ಕಕ್ಕೆ ತಿರುಗಿ ತೂ ಎಂದು ಉಗುಳಿದೆ. ಪಕ್ಕದಲ್ಲಿ ಒಂದು ದೊಡ್ಡ ಕುಂಡ, ಅದರಲ್ಲಿ ಅಗಲ ಎಲೆಯ ಗಿಡ ಇತ್ತು. ಎಲೆಯಿಂದ ಬಿಯರ್ ತೊಟ್ಟಿಕ್ಕುತ್ತಿತ್ತು. ಪಕ್ಕದ ಮೇಜಿನವರು ಲೋಟ ಕೆಳಗಿಟ್ಟು ತಿರುಗಿ ನೋಡಿದರು. ಸೀನಪ್ಪ ಮುಖವನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡ. ಇದು ಭತ್ತದ ಅಂಗಳವಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ಎದ್ದು ಓಡಬೇಕು ಅನ್ನುವಷ್ಟರಲ್ಲಿ ದೊಡ್ಡಬಸವ ನನ್ನತ್ತ ನೋಡುತ್ತಿದ್ದ ನೋಟ ಕಂಡೆ. ಸಿಟ್ಟಿನ ನೋಟವಲ್ಲ, ಭಕ್ತಿಯ ನೋಟ. "ಸರ್, ನೀವು ಕಲ್ತೋರು ಅಂತ ಮೊದಲ ಹೇಳಬಾರ್ದಾ?" ಎಂದ. ದ್ರಾಕ್ಷಿ ಮದ್ಯದ ದೊಡ್ಡ ದೊಡ್ಡ ಪರೀಕ್ಷಕರು ಹೀಗೆ ಬಾಯಲ್ಲಿ ಆಡಿಸಿ ಉಗುಳುತ್ತಾರಂತೆ, ಪುಣೆಯಲ್ಲಿ ಅವನು ದೂರದಿಂದ ಕಂಡಿದ್ದನಂತೆ. ಬಳ್ಳಾರಿಯಲ್ಲಿ ಅಂಥವರೊಬ್ಬರು ಇದ್ದಾರೆಂದು ಅವನು ಕನಸಿನಲ್ಲಿಯೂ ಎಣಿಸಿರಲಿಲ್ಲವಂತೆ. ನಾನು ಇಲ್ಲಪ್ಪ, ನಾನು ಭತ್ತದವನು, ಎಂದು ಹೇಳಬಹುದಿತ್ತು. ಹೇಳಬೇಕಿತ್ತು. ಆದರೆ ಓದುಗರೇ, ನಿಮ್ಮ ಉಗುಳನ್ನು ಒಬ್ಬರು ಅಷ್ಟು ಗೌರವದಿಂದ ನೋಡಿದ್ದು ನಿಮ್ಮ ಜೀವನದಲ್ಲಿ ಎಂದಾದರೂ ಉಂಟೇ? ನಾನು ಗಂಭೀರವಾಗಿ ಮೂಗು ಒರೆಸಿಕೊಂಡು ಸುಮ್ಮನಾದೆ.

"ಹೆಂಗೈತ್ರಿ ಸರ್?" ಎಂದು ಕೇಳಿದ. ಏನು ಹೇಳುವುದು? ಹೋಲಿಸಲು ನನಗೆ ಇನ್ನೊಂದು ಬಿಯರ್ ಗೊತ್ತಿದ್ದರೆ ತಾನೇ. ಬಿಯರು ಕಹಿ ಎಂದು ಕೇಳಿದ್ದೆ. ನನ್ನ ನಾಲಿಗೆಯ ತುದಿಗೆ ಕಹಿ ಅಷ್ಟಾಗಿ ತಾಕಿರಲಿಲ್ಲ. "ಕಹಿ ಸಾಲದು" ಎಂದೆ. ಅವನು ಬರೆದುಕೊಂಡ. ಬಿಯರಿನ ಕಹಿಗೆ ಹಾಪ್ಸ್ ಎಂಬ ಒಂದು ಹೂವು ಹಾಕುತ್ತಾರಂತೆ, ಮುಂದಿನ ಸಲ ಹೆಚ್ಚು ಹಾಕುತ್ತೇನೆ ಎಂದ. ಮನೆಗೆ ಬರುವಾಗ ಕಾರಿನಲ್ಲಿ ಸೀನಪ್ಪ ಹೇಳಿದ: "ಊರೆಲ್ಲಾ ಕುಡದು ಮಂದಿ ಕೈಲೆ ಉಗುಳಿಸಿಕೊಂತಾರ. ನೀ ಒಬ್ಬನ ನೋಡಪ, ಉಗುಳಿ ಹೆಸರು ತಗಂಡಿ." ನಾನು ಏಲಕ್ಕಿ ಜಗಿಯುತ್ತಾ, ಮಾವನಿಗೆ ಕೊಟ್ಟ ಮಾತನ್ನು ಮನಸ್ಸಿನಲ್ಲಿ ತೂಗಿ ನೋಡಿದೆ. ಒಂದು ಹನಿ ಗಂಟಲಲ್ಲಿ ಇಳಿಯುವುದಿಲ್ಲ ಎಂದಿದ್ದೆ. ಇಳಿದಿಲ್ಲ. ಬಾಯಿಯ ವಿಷಯ ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಂದಿನಿಂದ ಹದಿನೈದು ದಿನಕ್ಕೊಂದು ಭಾನುವಾರ ನನಗೆ ಕರೆ. ನನಗಾಗಿ ಒಂದು ಅಗಲ ಬಾಯಿಯ ಸ್ಟೀಲ್ ಚೊಂಬು ತಂದಿಟ್ಟಿದ್ದರು, ಗಿಡ ಬದುಕಿಕೊಂಡಿತು. ಬಾಗಿಲು ತೆರೆಯುವ ಮುಂಚೆ, ಹೊಸ ಟ್ಯಾಂಕಿನ ಮೊದಲ ಲೋಟ ನನ್ನ ಕೈಗೆ. ನಾನು ಆಡಿಸುವುದು, ಉಗುಳುವುದು, ಸೂರಿನ ಬುಟ್ಟಿಗಳನ್ನು ಸ್ವಲ್ಪ ಹೊತ್ತು ದಿಟ್ಟಿಸುವುದು, ಆಮೇಲೆ "ಕಹಿ ಇನ್ನೂ ಸಾಲದು" ಎನ್ನುವುದು. ಒಂದು ಸಲ ಬೇರೇನಾದರೂ ಹೇಳೋಣವೆಂದು "ಗಾಳಿ ಹೆಚ್ಚಾಗೈತಿ" ಎಂದಿದ್ದೆ. ಅದು ಗುಳ್ಳೆ ಸರ್, ಇರಬೇಕು ಎಂದು ಅವನು ಮೆತ್ತಗೆ ತಿದ್ದಿದ. ಹಾಗಾಗಿ ಕಹಿಯನ್ನೇ ನೆಚ್ಚಿಕೊಂಡೆ.

ಹೆಸರು ಹರಡಿತು. ಕುರುಗೋಡು ರಸ್ತೆಯಲ್ಲಿ ಹೊಸದಾಗಿ ತೆರೆದ ಇನ್ನೊಂದು ಜಾಗಕ್ಕೂ ಸೀನಪ್ಪ ನನ್ನನ್ನು ಕರೆದೊಯ್ದ. ಅಲ್ಲಿ ಬಿಸಿಲಿಗೆ ತಗಡಿನ ಸೂರು ಕಾದು, ಬಿಯರು ಚಹಾದ ಹದಕ್ಕೆ ಬಂದಿತ್ತು. ನಾನು ಉಗುಳಿದೆ, ಅಂದು ಎಲ್ಲರೂ ಉಗುಳಿದರು, ನನ್ನ ವಿಶೇಷ ಉಳಿಯಲಿಲ್ಲ. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ಮತ್ತೊಂದು ಇತ್ತು. ಅಲ್ಲಿ ಆರು ಪುಟ್ಟ ಲೋಟಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು ಕೊಡುತ್ತಾರೆ. ನಾನು ಆರನ್ನೂ ಉಗುಳಿ, ಆರಕ್ಕೂ ಕಹಿ ಸಾಲದು ಎಂದೆ. ಅಲ್ಲಿನ ಯಜಮಾನ ನಗುತ್ತಾ, "ಹೌದೇನ್ರಿ, ನಮ್ಮ ಮಂದಿಗೆ ಇಷ್ಟ ಸಾಕು" ಎಂದು ಆಚೆ ಹೋದ. ಬೆಳೆಯುವ ಲಕ್ಷಣ ಇಲ್ಲ ಎಂದು ನಾನು ಸೀನಪ್ಪನಿಗೆ ಹೇಳಿದೆ. ಅಲ್ಲಿ ಕೂರಲು ಕುರ್ಚಿ ಸಿಗದೆ ಜನ ನಿಂತಿದ್ದರು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ದೊಡ್ಡಬಸವನಲ್ಲಿ ಮಾತ್ರ ಕುರ್ಚಿಗಳು ಖಾಲಿಯಾಗುತ್ತಾ ಬಂದವು. ಫೆಬ್ರವರಿಯಲ್ಲಿ ಪರೀಕ್ಷೆಯ ಕಾಲ ಅದಕ್ಕೆ ಎಂದುಕೊಂಡೆವು. ಮಾರ್ಚಿನಲ್ಲಿ ಬಿಸಿಲು ಜಾಸ್ತಿ ಅದಕ್ಕೆ ಎಂದೆವು, ಬಿಸಿಲಿಗೇ ಬಿಯರು ಕುಡಿಯುತ್ತಾರೆ ಎಂಬುದು ಮೂವರಿಗೂ ಹೊಳೆಯಲಿಲ್ಲ. ಸೀನಪ್ಪ ಕೂಡ ಬಿಯರು ಬಿಟ್ಟು ನಿಂಬೆ ಸೋಡಾ ತರಿಸತೊಡಗಿದ. ನನ್ನ ಸಹವಾಸದಿಂದ ಒಬ್ಬ ಕುಡುಕ ದಾರಿಗೆ ಬಂದನಲ್ಲ ಎಂದು ನನಗೆ ಕಣ್ತುಂಬಿ ಬಂತು. ದೊಡ್ಡಬಸವನ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅಪ್ಪನಿಗೆ ಇಷ್ಟವಿಲ್ಲದ ಕೆಲಸ ಹಿಡಿದವನು ಅವನು. ಇದು ನಿಂತರೆ ಊರಿಗೆ ಹೋಗಿ ಅಪ್ಪನ ಎದುರು ತಲೆ ತಗ್ಗಿಸಿ ನಿಲ್ಲಬೇಕು. "ಈ ಸಲ ನಿಮ್ಮ ಮನಸ್ಸಿಗೆ ಬಂತಂದ್ರ ಸಾಕ್ರಿ ಸರ್, ಬೋರ್ಡು ಬರೆಸಿ ರೋಡಿಗೆ ಹಾಕ್ತೀನಿ, ಮಂದಿ ಬಂದ ಬರ್ತಾರ" ಎಂದ. ಅವನ ಬದುಕು ನನ್ನ ನಾಲಿಗೆಯ ತುದಿಯ ಮೇಲೆ ನಿಂತಿತ್ತು, ನನಗದು ಸುಖವಾಗಿತ್ತು. ಈ ಮಾತು ಬರೆಯುವಾಗ ನಾಚಿಕೆಯಾಗುತ್ತದೆ.

ಮೇ ತಿಂಗಳ ಒಂದು ಭಾನುವಾರ ಹನ್ನೊಂದು ಗಂಟೆ. ಬಾಗಿಲು ಇನ್ನೂ ತೆರೆದಿರಲಿಲ್ಲ, ಒಳಗೆ ನಾವು ಮೂವರೇ. ಹೊಸ ಬಿಯರಿನ ಲೋಟ ಕೈಗೆ ಬಂತು. ನಾನು ದೊಡ್ಡ ಗುಟುಕು ತುಂಬಿಕೊಂಡು, ಕೆನ್ನೆ ಉಬ್ಬಿಸಿ ಆಡಿಸುತ್ತಿದ್ದೆ. ಆಗ ಹಿತ್ತಲ ಬಾಗಿಲು ಕಿರ್ ಎಂದಿತು. ಬಿಳಿ ಧೋತರ, ಹೆಗಲ ಮೇಲೆ ಟವೆಲು, ಹಣೆಯ ತುಂಬ ವಿಭೂತಿ. ಕೈಯಲ್ಲಿ ಎರಡು ಖಾಲಿ ಗೋಣಿಚೀಲ. ನನ್ನ ಮಾವ ಪಂಪನಗೌಡರು.

ಬಿಯರು ಮಾಡಲು ಬೇಯಿಸಿ ಬಸಿದ ಬಾರ್ಲಿಯ ಕಾಳು ರಾಶಿ ರಾಶಿ ಉಳಿಯುತ್ತದೆ. ಎಮ್ಮೆಗಳಿಗೆ ಅದು ಬಹಳ ಇಷ್ಟ, ಹಾಲೂ ಹೆಚ್ಚುತ್ತದೆ ಎಂದು ದೊಡ್ಡಬಸವ ಕೇಳಿದವರಿಗೆಲ್ಲ ಹಿತ್ತಲಿನಿಂದ ಬಿಟ್ಟಿ ಕೊಡುತ್ತಿದ್ದ. ಆ ಸುದ್ದಿ ಕುರುಗೋಡಿಗೂ ಮುಟ್ಟಿತ್ತು. ಆದರೆ ಮುಟ್ಟುವಾಗ, ಸಿರುಗುಪ್ಪ ರೋಡಿಗೆ ಒಂದು ಹಿಂಡಿ ಕಾರ್ಖಾನೆ ಆಗಿದೆ ಎಂದು ಮುಟ್ಟಿತ್ತು. ಮಾವ ಬಾಡಿಗೆಯ ಗಾಡಿ ಮಾಡಿಕೊಂಡು ಬಂದಿದ್ದರು. ಚೀಲ ತುಂಬಲು ಯಾರಾದರೂ ಇದ್ದಾರೇನು ಎಂದು ಒಳಗೆ ಇಣುಕಿದರೆ ಎದುರಿಗೆ ಅಳಿಯ.

"ಅಯ್ಯ, ಅಳಿಯಂದ್ರು. ಆರಾಮದೀರೇನ್ರಿ?" ಎಂದರು.

ಈಗ ನನ್ನ ಪರಿಸ್ಥಿತಿ ನೋಡಿ. ಬಾಯಿ ತುಂಬ ಬಿಯರು. ಉತ್ತರ ಕೊಡಬೇಕಾದರೆ ಬಾಯಿ ಖಾಲಿಯಾಗಬೇಕು. ಚೊಂಬು ಮೇಜಿನ ಮೇಲೆಯೇ ಇದೆ, ಆದರೆ ಅದರ ಪಕ್ಕದಲ್ಲೇ ಮಾವ ನಿಂತಿದ್ದಾರೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಅವರ ಎದುರು ಕಾಲ ಮೇಲೆ ಕಾಲು ಹಾಕಿದವನಲ್ಲ, ಎಲೆ ಅಡಿಕೆ ಮೆದ್ದವನಲ್ಲ. ಮಾತಾಡಿಸಿದ ಮಾವನ ಮುಖ ನೋಡಿ ಉಗುಳುವುದೆಂದರೆ ನಾನು ಸತ್ತ ಮೇಲೂ ಕುರುಗೋಡಿನಲ್ಲಿ ಅದನ್ನು ಹೇಳಿಕೊಂಡು ನಗುತ್ತಾರೆ. ಒಂದು ಕಡೆ ಅವರಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಅವರಿಗೆ ಕೊಡಬೇಕಾದ ಮರ್ಯಾದೆ. ಕಣ್ಣು ಮುಚ್ಚಿ ನುಂಗಿಬಿಟ್ಟೆ.

ಹಿಂದೆ ಜ್ವರ ಬಂದಾಗ ನಮ್ಮಜ್ಜಿ ಬೇವಿನ ಚಕ್ಕೆ, ಕಿರಾತಕಡ್ಡಿ ಎರಡನ್ನೂ ಕೂಡಿಸಿ ಕುದಿಸಿದ ಕಷಾಯ ಕುಡಿಸುತ್ತಿದ್ದಳು. ಆ ಕಷಾಯ ಇದರ ಎದುರು ಪಾಯಸ. ನಾಲಿಗೆಯ ತುದಿಯಲ್ಲಿ ಸಾಧುವಾಗಿದ್ದದ್ದು ನಾಲಿಗೆಯ ಬುಡಕ್ಕೆ ಹೋದ ಕೂಡಲೇ ಎದ್ದು ನಿಂತು, ಗಂಟಲ ಎರಡೂ ಗೋಡೆ ಹಿಡಿದುಕೊಂಡು ಇಳಿಯಿತು. ಕಹಿ ಇರುವುದು ಅಲ್ಲಿ, ಹಿಂದೆ, ನಾನು ಎಂದೂ ಹೋಗಿ ನೋಡದ ಜಾಗದಲ್ಲಿ. ನಾಲ್ಕು ತಿಂಗಳಿಂದ ಸಾಲದು ಸಾಲದು ಎಂದು ನಾನು ಹಾಕಿಸಿದ ಕಹಿಯೆಲ್ಲ ಒಂದೇ ಗುಟುಕಿನಲ್ಲಿ ನನ್ನನ್ನು ಭೇಟಿಯಾಗಲು ಬಂದಿತ್ತು. ಎರಡೂ ಕಣ್ಣಿಂದ ನೀರು ಇಳಿಯತೊಡಗಿತು.

ಮಾವ ಗಾಬರಿಯಾದರು. "ಯಾಕ್ರಿ, ಕಣ್ಣಾಗ ನೀರು? ನಾಗಿ ಆರಾಮದಾಳಲ್ಲ?"

"ಆರಾಮದಾಳ್ರಿ" ಎಂದೆ, ವಾಸನೆ ಅತ್ತ ಹೋಗದಂತೆ ಬಾಯಿಗೆ ಅಂಗೈ ಅಡ್ಡ ಹಿಡಿದು, ಸೊಂಟ ಬಗ್ಗಿಸಿ. "ನಿಮ್ಮನ್ನ ಭಾಳ ದಿನದ ಮ್ಯಾಲೆ ನೋಡಿದೆ ನೋಡ್ರಿ, ಅದಕ್ಕ."

ಮಾವನ ಮುಖ ಅರಳಿತು. ದೊಡ್ಡಬಸವನ ಕಡೆ ತಿರುಗಿ, "ನೋಡಪ, ಹಿರೇರ ಮುಂದ ಬಾಯಿ ಮುಚ್ಚಿಕೊಂಡು ಮಾತಾಡೂ ಪದ್ಧತಿ ಈಗ ಯಾರಾಗ ಉಳದೈತಿ? ಕಲ್ಕೊ" ಎಂದರು. ಆಮೇಲೆ ಮೇಜಿನ ಮೇಲಿನ ಲೋಟ ಕಂಡು ಅದೇನು ಎಂದು ಕೇಳಿದರು. ದೊಡ್ಡಬಸವ ಶಾಂತವಾಗಿ, "ಕಾಳು ಬಸದ ನೀರ್ರಿ ಯಜಮಾನ್ರ" ಎಂದ. ಯೋಚಿಸಿ ನೋಡಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಎಮ್ಮಿಗೆ ಕುಡಸಬೌದಾ?" ಎಂದರು ಮಾವ. ಬಾಯಿಂದ ಕೈ ತೆಗೆಯದೆ ನಾನು ಕತ್ತು ಉಳುಕುವಷ್ಟು ತಲೆ ಅಲ್ಲಾಡಿಸಿದೆ. ಇಬ್ಬರೂ ಸೇರಿ ಅವರ ಚೀಲ ತುಂಬಿ ಗಾಡಿಗೆ ಏರಿಸಿದೆವು. ನನ್ನ ಬಾಯಿ ಒಂದು ಕೈಯನ್ನು ಆಕ್ರಮಿಸಿದ್ದರಿಂದ ಭಾರವೆಲ್ಲ ದೊಡ್ಡಬಸವನ ಮೇಲೆ ಬಿತ್ತು.

ಗಾಡಿ ಹೋದ ಮೇಲೆ ದೊಡ್ಡಬಸವ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ. ಕಣ್ಣು ಮಿನುಗುತ್ತಿದ್ದವು. "ಸರ್, ನೀವು ಉಗುಳಲಿಲ್ಲ" ಎಂದ. "ನಾಕು ತಿಂಗಳಾಗ ಮೊದಲ ಸಲ ನುಂಗಿದ್ರಿ. ಕಣ್ಣಾಗ ನೀರು ಬಂದ್ವು. ಅಂದ್ರ ಬಂತಲ್ರಿ ಸರ್, ಹದ ಬಂತಲ್ಲ? ಇವತ್ತ ಬೋರ್ಡಿಗೆ ಹೇಳ್ತೀನಿ."

ಸುಮ್ಮನೆ ಹೂಂ ಎಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಬೋರ್ಡು ಏಳುತ್ತಿತ್ತು, ಜನ ಒಮ್ಮೆ ಬಂದು ಮತ್ತೆ ಬರುತ್ತಿರಲಿಲ್ಲ, ಇವನು ಬಾಗಿಲು ಹಾಕಿಕೊಂಡು ತೆಕ್ಕಲಕೋಟೆಗೆ ಹೋಗುತ್ತಿದ್ದ, ತಪ್ಪು ಬಿಸಿಲಿನ ಮೇಲೆ ಹೋಗುತ್ತಿತ್ತು. ನಾನು ದೊಡ್ಡ ಸತ್ಯವಂತನೇನಲ್ಲ. ಆದರೆ ಆ ಕಹಿ ಇನ್ನೂ ಗಂಟಲಲ್ಲೇ ಕೂತಿತ್ತು, ಸುಳ್ಳು ಹೊರಬರಲು ದಾರಿ ಇರಲಿಲ್ಲ. "ಬ್ಯಾಡಪ ದೊಡ್ಡಬಸವ. ಇದನ್ನ ಕುಡಿಯಾಕ ಆಗಂಗಿಲ್ಲ" ಎಂದೆ. ನಾನು ಭತ್ತ ಕಡಿದು ಉಗುಳುವವನು, ಮಾವನಿಗೆ ಮಾತು ಕೊಟ್ಟವನು, ಹುಟ್ಟಿದಾಗಿನಿಂದ ನುಂಗಿದ ಬಿಯರು ಇದೊಂದೇ ಗುಟುಕು ಎಂದು ಎಲ್ಲವನ್ನೂ ಹೇಳಿದೆ. ಅವನು ಕುರ್ಚಿ ಎಳೆದುಕೊಂಡು ಕೂತ. ಚೊಂಬನ್ನು ಹತ್ತಿರ ಎಳೆದು ಅದರೊಳಗೆ ಇಣುಕಿದ.

"ನನಗೂ ಕುಡಿಯಾಕ ಆಗ್ತಿದ್ದಿಲ್ರಿ ಸರ್" ಎಂದ. "ಎರಡು ತಿಂಗಳಾತು. ನಿಮಗ ಸಾಲವಲ್ದು ಅಂದ ಮ್ಯಾಲೆ ನನ್ನ ನಾಲಿಗಿನಾ ಸುಮಾರು ಅಂತ ತಿಳಕೊಂಡಿದ್ದೆ."

ಮೂಲೆಯಲ್ಲಿದ್ದ ಸೀನಪ್ಪ ಸೋಡಾ ಕೆಳಗಿಟ್ಟ. "ಮತ್ತ ನಾ ಈ ನಿಂಬಿಹಣ್ಣಿನ ನೀರು ಯಾಕ ಕುಡೀತಿದ್ದೆ ಅನಕಂಡ್ಯಲೇ? ನಿನ್ನ ಹೆಸರಿಗೆ ಅಂಜಿ ಬಾಯಿ ಬಿಡಲಿಲ್ಲ."

ಅಂದರೆ ಕುಡಿಯಬಲ್ಲವರಿಬ್ಬರು, ಕುಡಿಯದವನೊಬ್ಬನ ಮಾತಿಗೆ ಕಟ್ಟುಬಿದ್ದು ನಾಲ್ಕು ತಿಂಗಳು ಕಹಿ ನುಂಗಿಕೊಂಡು ಕೂತಿದ್ದರು. ನಾನು ಕಾರಿನ ಕೀಲಿ ತೆಗೆದುಕೊಂಡು ಎದ್ದೆ. ಒಂದು ಗುಟುಕಾದರೂ ಗುಟುಕೇ ಎಂದು ಸೀನಪ್ಪ ಕೀಲಿ ಕಿತ್ತುಕೊಂಡ. ಅಂದು ಅವನೇ ಕಾರು ಓಡಿಸಿದ.

ಮನೆಯಲ್ಲಿ ನಾಗರತ್ನ ರೊಟ್ಟಿ ಬಡಿಯುತ್ತಿದ್ದಳು. ತಂದೆ ಆಗಲೇ ಫೋನು ಮಾಡಿ ಅಳಿಯನನ್ನು ಹೊಗಳಿದ್ದರು. ನಾನು ಅಡುಗೆಮನೆಯ ಹೊಸ್ತಿಲ ಬಳಿ ನಿಂತು, ತಪ್ಪಿತಸ್ಥನ ದನಿಯಲ್ಲಿ, ಮೊದಲಿಂದ ಕೊನೆಯವರೆಗೆ ಒಪ್ಪಿಸಿದೆ. ಇಪ್ಪತ್ತೆಂಟು ವರ್ಷದ ಮಾತು ಇಂದು ಮುರಿಯಿತು ಎಂದೆ. ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗಿದಳು.

"ನಾಕು ತಿಂಗಳಿಂದ ಯಾಲಕ್ಕಿ ಜಗಕೊಂತ ಬರ್ತಿದ್ರಿ. ಕುಡದು ಬರ್ತಾರ, ಈ ವಯಸ್ಸಿಗೆ ಏನನ್ನೂದು ಅಂತ ನಾ ಸುಮ್ನಿದ್ದೆ. ಬರೇ ಉಗುಳಿ ಬರ್ತಿದ್ರಾ?"

ಆ ದನಿಯಲ್ಲಿ ಸಿಟ್ಟಿಗಿಂತ ನಿರಾಶೆ ಹೆಚ್ಚಿತ್ತು. "ಅಪ್ಪನ ಮುಂದ ನುಂಗಿದ್ದು ಮರ್ಯಾದಿಗೆ. ಅದನ್ನ ಹಿಡಕೊಂಡು ಅಳಾಕತ್ತೀರಿ. ಒಂದು ದಿನಾ ನುಂಗದ, ಇನ್ನೊಬ್ಬರು ನುಂಗೋದಕ್ಕ ಹಿಂಗ ಹಾಕು ಹಂಗ ಹಾಕು ಅಂತ ಹೇಳಿದ್ರಲ್ಲ, ಅದು ನಿಮಗ ತಪ್ಪು ಅನಸಲೇ ಇಲ್ಲೇನು?" ಎಂದು ಕೇಳಿ ರೊಟ್ಟಿ ತಿರುವಿ ಹಾಕಿದಳು. ದಿನವೂ ಉಪ್ಪು ಸಾಲದು, ಖಾರ ಸಾಲದು ಎಂದು ತೀರ್ಪು ಕೊಡುವ ನಾನು ಅಂದು ರೊಟ್ಟಿಯ ಬಗ್ಗೆ ಏನೂ ಹೇಳದೆ ಉಂಡೆ.

ನನ್ನ ನಾಲಿಗೆಯ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೂರು ವಾರ ಕಳೆದು ದೊಡ್ಡಬಸವನ ಫೋನ್ ಬಂತು. ಕಹಿ ಇಳಿಸಿ ಹೊಸ ಬಿಯರು ಮಾಡಿದ್ದೇನೆ, ಭಾನುವಾರ ಬರಬೇಕು ಎಂದ. "ನನ್ನ ಯಾಕಪ ಕರೀತಿ, ನನ್ನ ಬಂಡವಾಳ ಗೊತ್ತಾತಲ್ಲ" ಎಂದೆ. ನೀವಿಲ್ಲದೆ ಆಗುವುದಿಲ್ಲ ಎಂದ. ನಾಗರತ್ನಳನ್ನು ಕೇಳಿದೆ. "ಹೋಗ್ರಿ, ಅಲ್ಲಿ ಉಗುಳಿದ್ರ ಮನ್ಯಾಗ ಸುಮ್ನಿರ್ತೀರಿ" ಎಂದು ಅಪ್ಪಣೆ ಕೊಟ್ಟಳು.

ಅದೇ ಮೇಜು, ಅದೇ ಚೊಂಬು. ಸೀನಪ್ಪ ಒಂದು ಕಡೆ, ದೊಡ್ಡಬಸವ ಇನ್ನೊಂದು ಕಡೆ, ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಆಡಿಸಿದೆ, ಉಗುಳಿದೆ. ಈ ಸಲ ಸುಳ್ಳು ಹೇಳಬಾರದೆಂದು ತೀರ್ಮಾನಿಸಿದ್ದೆ. "ಮುಚ್ಚಿಡೂದು ಯಾಕ? ನನಗ ಅನಸೂದು ಅನಸೇ ಅನಸ್ತೈತಿ. ಕಹಿ ಏನೇನೂ ಸಾಲದು" ಎಂದೆ.

ಇಬ್ಬರ ಮುಖವೂ ಬೆಳಗಿತು. ದೊಡ್ಡಬಸವ ಗಾಜಿನ ಗೋಡೆಯ ಆಚೆ ನಿಂತ ಕೆಲಸಗಾರರಿಗೆ, "ಸರ್‌ಗೆ ಏನೇನೂ ಸಾಲವಲ್ದಂತ. ಟ್ಯಾಪಿಗೆ ಹಾಕ್ರಿ" ಎಂದು ಕೂಗಿ ಹೇಳಿದ. ಸೀನಪ್ಪ ದೊಡ್ಡ ಲೋಟ ತರಿಸಿ, ಕಣ್ಣು ಮುಚ್ಚಿ ಅರ್ಧ ಇಳಿಸಿ, ಮೀಸೆಯ ನೊರೆ ಒರೆಸಿಕೊಂಡು, ಈಗ ಸರಿ ಆಯಿತು ಎಂದ.

ಈಗ ಪ್ರತಿ ಟ್ಯಾಂಕಿಗೂ ಇದೇ ಕ್ರಮ. ನಾನು ಏನೇನೂ ಸಾಲದು ಎಂದರೆ ಹದ ಬಂದಿದೆ, ಬರೀ ಸಾಲದು ಎಂದರೆ ಕಹಿ ಹೆಚ್ಚಾಗಿದೆ ಎಂದರ್ಥ. ನಾನೇನಾದರೂ ಸರಿಯಾಗಿದೆ ಎಂದ ದಿನ ಇಡೀ ಟ್ಯಾಂಕನ್ನು ಮೋರಿಗೆ ಬಿಡಬೇಕು ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದಾರೆ. ಅಲ್ಲಿ ಈಗ ಭಾನುವಾರ ಕುರ್ಚಿ ಸಿಗುವುದಿಲ್ಲ. ಹೊಸಬರು ಬಂದು, ಚೊಂಬು ಹಿಡಿದು ನಿಂತ ಈ ಮನುಷ್ಯ ಯಾರು ಎಂದು ಕೇಳಿದರೆ, ಇಷ್ಟು ಕರಾರುವಾಕ್ಕಾಗಿ ತಪ್ಪು ಹೇಳುವ ನಾಲಿಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ದೊಡ್ಡಬಸವ ಪರಿಚಯಿಸುತ್ತಾನೆ. ಅವನು ಹಾಗೆ ಹೇಳುವ ಹೊತ್ತಿಗೆ ನಾನು ಅಲ್ಲೇ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳುತ್ತೇನೆ.